ಪಿಂಜಾರನ ಬಿಲ್ಲು, ಅತ್ತೆಮ್ಮನ ಕಿವಿ

ಬಳ್ಳಾರಿಯ ದಂಡಿನಲ್ಲಿ ಆ ಕಾಲಕ್ಕೆ ದಿನಾ ನಡುಮಧ್ಯಾಹ್ನ ಒಂದು ತೋಪು ಹಾರಿಸುತ್ತಿದ್ದರು. ವಿಕ್ಟೋರಿಯಾ ರಾಣಿಯವರು ಏಳು ಸಮುದ್ರದಾಚೆ ಕೂತು ತಮ್ಮ ಪ್ರಜೆಗಳ ಊಟದ ಹೊತ್ತಿನ ಬಗ್ಗೆ ತೋರಿಸುತ್ತಿದ್ದ ಕಾಳಜಿ ಅದು. ಮೊದಲು ಬಿಳಿ ಹೊಗೆ ಕಾಣುತ್ತಿತ್ತು. ಒಂದು ಉಸಿರು ಬಿಡುವಷ್ಟರಲ್ಲಿ ‘ಢಂ’ ಎಂಬುದು ಬಂದು ಎದೆಗೆ ಗುದ್ದುತ್ತಿತ್ತು. ಕೋಟೆಗುಡ್ಡಕ್ಕೆ ಅದು ಬೇಡವಾಗಿ ವಾಪಸು ಎಸೆಯುತ್ತಿದ್ದುದರಿಂದ ಇನ್ನೊಮ್ಮೆ ‘ಢಂ’. ಪಾರಿವಾಳಗಳು ಹಾರುತ್ತಿದ್ದವು, ತೊಟ್ಟಿಲ ಕೂಸುಗಳು ಚೀರುತ್ತಿದ್ದವು, ಕೌಲ್ ಬಜಾರಿನ ಅಂಗಡಿಕಾರರು ತಕ್ಕಡಿ ಕೆಳಗಿಟ್ಟು ಕೈತೊಳೆಯಲು ಏಳುತ್ತಿದ್ದರು. ಇಡೀ ಊರಿನಲ್ಲಿ ಆ ತೋಪಿಗೆ ಸೊಪ್ಪು ಹಾಕದ ಜೀವ ಒಂದೇ ಒಂದು. ಅದು ಪಿಂಜಾರ ಖಾಜಾಮಿಯಾನ ಅತ್ತೆ ಹುಸೇನ್ ಬೀ.

ಖಾಜಾಮಿಯಾನ ದುಃಖ ಶುರುವಾಗುವುದು ಇಲ್ಲಿಂದ.

ಹುಸೇನ್ ಬೀಯ ಕಿವಿ ಮಂದವಾಗಿ ಹತ್ತು ವರ್ಷವಾಗಿತ್ತು. ಅಷ್ಟೂ ಕಾಲ ಅವಳು ಸಿರುಗುಪ್ಪದಲ್ಲಿ ಮಗ ಅಮೀರಸಾಬನ ಮನೆಯಲ್ಲಿದ್ದಳು. ಒಂದು ದಿನ ಅಮೀರಸಾಬ್ ಭತ್ತದ ಮೂಟೆಗಳ ನಡುವೆ ತಾಯಿಯನ್ನೂ ಕೂರಿಸಿಕೊಂಡು ಗಾಡಿ ಹೊಡೆದುಕೊಂಡು ಬಂದ. (ದಾರಿಯಲ್ಲಿ ಕುರುಗೋಡಿನ ಹತ್ತಿರ ಎತ್ತಿಗೆ ನೀರು ಕುಡಿಸಲು ನಿಂತಾಗ ತಾಯಿಮಗ ಪ್ರೀತಿಯಿಂದ ಮಾತಾಡಿದ್ದನ್ನು ಕೇಳಿ ನಾಲ್ಕು ಜನ ಜಗಳ ಬಿಡಿಸಲು ಓಡಿಬಂದಿದ್ದರಂತೆ.)

“ಭಾವಾ, ಕೂಗಿ ಕೂಗಿ ನನ್ನ ಗಂಟಲಾಗ ಭತ್ತದ ಹೊಟ್ಟು ಸಿಕ್ಕಂಗ ಆಗೇತಿ” ಎಂದ ಅಮೀರಸಾಬ್. ಅದನ್ನೂ ಕೂಗಿಯೇ ಹೇಳಿದ, ಚಾಳಿ ಬಿಟ್ಟಿರಲಿಲ್ಲ. “ನಿಮ್ಮದು ದವಾಖಾನಿ ಇರೂ ಊರು. ಒಂದೀಟು ತೋರಸ್ರಿ. ಅಮ್ಮಗ ಕಿವಿ ಕೇಳಿದ ದಿನ ನಾನs ಗಾಡಿ ಕಟ್ಟಿಕೊಂಡು ಬಂದು ಕರಕೊಂಡು ಹೋಗತೀನಿ. ಖುದಾನ ಆಣಿ!”

“ಕೇಳಲಿಲ್ಲಂದ್ರ?” ಖಾಜಾಮಿಯಾ ಮೆಲ್ಲಗೆ ಕೇಳಿದ.

“ಕೇಳಲಿಲ್ಲಂದ್ರ ಮಗಳ ಮನಿ ಏನು ಪರದೇಶ ಏನ್ರಿ?” ಎಂದವನೇ ಒಂದು ಲೋಟ ನೀರೂ ಕುಡಿಯದೆ ಎತ್ತು ತಿರುಗಿಸಿದ. ಬರುವಾಗ ಆ ಎತ್ತುಗಳು ನಡೆದೇ ಬಂದಿದ್ದವು. ಹೋಗುವಾಗ ಓಡಿದವು.

ಹೀಗೆ ಹುಸೇನ್ ಬೀ ಅಳಿಯನ ಮನೆಯ ಪಡಸಾಲೆಯಲ್ಲಿ, ತೊಲೆ ಹೊತ್ತ ಹಳೆಯ ತೇಗದ ಕಂಬದ ಬುಡದಲ್ಲಿ, ಸಿಂಹಾಸನಾರೂಢಳಾದಳು. ಕಂಬಕ್ಕೆ ಬೆನ್ನು, ಕಂಬಕ್ಕೇ ತಲೆ, ಮಡಿಲಲ್ಲಿ ಅಡಿಕೆ ಚೀಲ. ಮುಖದ ಮೇಲೆ ಸದಾ ಒಂದು ಕಿರುನಗೆ.

ಅತ್ತೆ ಕಿವುಡಿಯಾದರೆ ಅಳಿಯನಿಗೇನು ಕಷ್ಟ ಎಂದು ಕೇಳುವವರು ಹಮೀದಾಬಿಯ ಗಂಟಲನ್ನು ಕೇಳಿದವರಲ್ಲ. ಖಾಜಾಮಿಯಾನ ಹೆಂಡತಿ ಹಮೀದಾಬಿ ತಾಯಿಯೊಂದಿಗೆ ಸುಖದುಃಖ ಹಂಚಿಕೊಳ್ಳತೊಡಗಿದ ಮೊದಲ ದಿನವೇ ಆ ಮನೆಗೆ ಗೋಡೆ ಇದ್ದೂ ಇಲ್ಲದಂತಾಯಿತು.

“ಇವರಿಗೆ ನಿನ್ನೆಯಿಂದ ಹೊಟ್ಟಿ ಸರಿಯಿಲ್ಲಮ್ಮಾ!” ಎಂದು ಅವಳು ಪಡಸಾಲೆಯಲ್ಲಿ ಗುಟ್ಟು ಹೇಳಿದರೆ, ಪಕ್ಕದ ಮನೆಯ ಜಂಬಮ್ಮ ಓಮಿನ ಕಾಳು ಹಿಡಿದು ಹಿತ್ತಲಲ್ಲಿ ಹಾಜರು. “ಇವರು ನಿದ್ದಿಗಣ್ಣಾಗ ಅಳತಾರಮ್ಮಾ!” ಎಂದರೆ ಮರುದಿನ ಮಸೀದಿಯ ಕಟ್ಟೆಯ ಮೇಲೆ ಹಿರಿಯರು ಖಾಜಾಮಿಯಾನ ಬೆನ್ನು ತಟ್ಟಿ ಧೈರ್ಯ ಹೇಳುತ್ತಿದ್ದರು.

ಇವನ್ನೆಲ್ಲ ಅವನು ನುಂಗಿಕೊಂಡ. ನುಂಗಲಾಗದ್ದು ನಡೆದದ್ದು ಕುರುಗೋಡಿನ ಮೈಲಾರಲಿಂಗಪ್ಪ ಬಂದ ದಿನ. ಮೈಲಾರಲಿಂಗಪ್ಪ ಮಗಳ ಮದುವೆಗೆ ಹಾಸಿಗೆ, ದಿಂಬು, ದುಪ್ಪಟಿ ಎಲ್ಲ ಖಾಜಾಮಿಯಾನ ಕೈಯಲ್ಲೇ ಆಗಬೇಕೆಂದು ಹಟ ಹಿಡಿದ ದೊಡ್ಡ ಗಿರಾಕಿ. ಅವನು ಹೊಸ್ತಿಲ ಮೇಲೆ ಚಪ್ಪಲಿ ಬಿಡುತ್ತಿದ್ದ. ಒಳಗೆ ಹುಸೇನ್ ಬೀ ಮೂಲೆಯಲ್ಲಿದ್ದ ಬೂದುಬಣ್ಣದ ಹತ್ತಿಯ ಗುಡ್ಡೆ ತೋರಿಸಿ, “ಇದ್ಯಾಕ ಹಿಂಗ ಕಪ್ಪಗೈತಿ?” ಎಂದು ಮಗಳನ್ನು ಕೇಳಿದಳು.

“ಅದು ಹಳೀ ಹತ್ತಿ ಅಮ್ಮಾ!” ಹಮೀದಾಬಿಯ ಸತ್ಯವಾಣಿ ತೊಲೆಗಳನ್ನು ನಡುಗಿಸಿತು. “ಹರಕು ಹಾಸಿಗಿದು! ಹೊಸಾ ಹತ್ತಿಯಾಗ ಕಲಸತಾರ! ಯಾರಿಗೂ ಹೇಳಬ್ಯಾಡಾ!”

ಮೈಲಾರಲಿಂಗಪ್ಪ ಬಿಡುತ್ತಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡ.

ಅವತ್ತು ಖಾಜಾಮಿಯಾ ಹೆಂಡತಿಯ ಮುಂದೆ ನಿಂತು ಗಂಡಸಿನಂತೆ ಗರ್ಜಿಸಬೇಕೆಂದುಕೊಂಡ. “ಹಮೀದಾ, ನಿಮ್ಮಮ್ಮಗ ಎಲ್ಲಾದೂ ಹೇಳಬೇಕೇನs?” ಎಂದು ಕೇಳಿದ. (ಅವನ ಗರ್ಜನೆ ಇಷ್ಟೇ.)

“ಹೇಳಬಾರದೇನ್ರಿ? ಹತ್ತು ವರ್ಷದಿಂದ ಆಕಿಗೆ ಯಾರೂ ಏನೂ ಹೇಳಿಲ್ಲ.”

“ಹೇಳು. ಮೆಲ್ಲಗ ಹೇಳು.”

“ಮೆಲ್ಲಗ ಹೇಳಿದ್ರ ಆಕಿಗೆ ಕೇಳಂಗಿಲ್ಲ. ಜೋರಾಗಿ ಹೇಳಿದ್ರ ನಿಮಗ ಸೇರಂಗಿಲ್ಲ. ಮೊದಲು ಆಕಿ ಕಿವಿ ರಿಪೇರಿ ಮಾಡಸ್ರಿ, ಆಮ್ಯಾಲ ನನ್ನ ಬಾಯಿ ರಿಪೇರಿಗೆ ಬರ್ರಿ!”

ಮಾತಿನಲ್ಲಿ ಸೋತ ಖಾಜಾಮಿಯಾ ತನ್ನ ಬಿಲ್ಲಿನ ಮೊರೆಹೊಕ್ಕ.

ಹತ್ತಿ ಹಿಂಜುವ ಪಿಂಜಾರನ ಬಿಲ್ಲನ್ನು ನೋಡದವರಿಗೆ ಎರಡು ಮಾತು. ಆಳೆತ್ತರದ ಮರದ ದಂಡ, ಅದರ ಉದ್ದಕ್ಕೂ ಬಿಗಿದ ಕರುಳಿನ ತಂತಿ. ಮಾಳಿಗೆಯ ತೊಲೆಯಿಂದ ಬಿಗಿಯಾದ ಹಗ್ಗದಲ್ಲಿ ಬಿಲ್ಲನ್ನು ತೂಗುಹಾಕಿ, ತಂತಿಯನ್ನು ಹತ್ತಿಯಲ್ಲಿ ಅದ್ದಿ, ಮರದ ಕೊಡತಿಯಿಂದ ಬಡಿದರೆ ‘ಟಂಯ್’ ಎನ್ನುತ್ತದೆ. ತಂತಿ ನಡುಗಿದ ಹಾಗೆ ಹತ್ತಿ ನಡುಗಿ, ಬಿಡಿಬಿಡಿಯಾಗಿ, ಮೋಡವಾಗಿ ಮೇಲೇಳುತ್ತದೆ. ಆ ಮೋಡ ಕಿವಿಮೂಗಿಗೆಲ್ಲ ನುಗ್ಗುವುದರಿಂದ ಖಾಜಾಮಿಯಾನ ಮನೆತನದಲ್ಲಿ ತಾತನ ಕಾಲದಿಂದ ಒಂದು ರೂಢಿ: ಕೆಲಸಕ್ಕೆ ನಿಲ್ಲುವ ಮುಂಚೆ ಕಿವಿಗೆ ಅರಳೆ ತುರುಕಿಕೊಳ್ಳುವುದು. ಕಿವಿ ಮುಚ್ಚಿದ ಮೇಲೆ ತಂತಿಯ ಬಿಗಿ ತಿಳಿಯುವುದು ಹೇಗೆ? ಅದಕ್ಕೂ ತಾತ ದಾರಿ ಮಾಡಿಟ್ಟಿದ್ದ. ಬಿಲ್ಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ತಂತಿ ಮಿಡಿಯುವುದು. ಮುಚ್ಚಿದ ಕಿವಿಯಲ್ಲೂ ಆ ನಾದ ತಲೆಯೊಳಗೆ ಜುಂಯ್ ಎಂದು ತುಂಬಿಬಿಡುತ್ತಿತ್ತು. ಹಲ್ಲಿಗೆ ಹೇಗೆ ಕೇಳಿಸುತ್ತದೆ ಎಂದು ತಾತನೂ ಯೋಚಿಸಿರಲಿಲ್ಲ, ಅಪ್ಪನೂ ಯೋಚಿಸಿರಲಿಲ್ಲ.

ಇನ್ನೊಂದು ರೂಢಿ ಖಾಜಾಮಿಯಾನ ಸ್ವಂತದ್ದು. ಗಿಡ್ಡ ಆಳು, ತೂಗುವ ಬಿಲ್ಲು ಅಲುಗದಿರಲೆಂದು ಗದ್ದವನ್ನು ದಂಡಕ್ಕೆ ಒತ್ತಿಕೊಂಡು ಬಡಿಯುತ್ತಿದ್ದ. ಬಡಿಯುತ್ತ ಬಡಿಯುತ್ತ ಮನಸ್ಸಿನ ಭಾರವನ್ನೆಲ್ಲ ಒಳಗೊಳಗೇ ಗೊಣಗಿ ಹೊರಹಾಕುತ್ತಿದ್ದ. ಅಡಿಗೆಮನೆಯವರೆಗಿನ ಗಾಳಿಯನ್ನೆಲ್ಲ ‘ಟಂಯ್ ಟಂಯ್’ ಆಕ್ರಮಿಸಿಕೊಂಡಾಗ ಪಿಸುಮಾತಿಗೆ ಅಲ್ಲಿ ಕಾಲಿಡಲೂ ಜಾಗವಿಲ್ಲ. ಎದುರಿಗೆ ಕೂತ ಅತ್ತೆಯೋ, ಅಲ್ಲಾನ ಕೃಪೆಯಿಂದ ಕಿವುಡಿ. ಇಷ್ಟು ಕ್ಷೇಮವಾಗಿ ಬೈಯುವ ಸ್ಥಳ ಲೋಕದಲ್ಲಿ ಎಷ್ಟು ಜನ ಗಂಡಂದಿರಿಗೆ ಸಿಕ್ಕೀತು?

ಹೀಗೆ, ಮೈಲಾರಲಿಂಗಪ್ಪ ಚಪ್ಪಲಿ ಮೆಟ್ಟಿಕೊಂಡು ಹೋದ ಆ ಅಮರ ದಿನದಂದು ಕೌಲ್ ಬಜಾರಿನಲ್ಲಿ ಒಂದು ಕಾವ್ಯ ಹುಟ್ಟಿತು:

ರಾರಾವಿ ಮಡುವಿನ ಮೊಸಳಿ ಬಂತು — ಟಂಯ್!
ನಮ್ಮನಿ ಕಂಬಕ್ಕ ಬೆನ್ನಿಟ್ಟು ಕುಂತು — ಟಂಯ್!
ಗಡಿಗಿ ಬೆಲ್ಲ ಒಂದs ದಿನಕ್ಕ ತಿಂತು — ಟಂಯ್!
ಇದರ ಮರಿ ನನ್ನ ಕುತ್ತಿಗಿಗೆ ಜೋತ್ಕೊಂತು — ಟಂಯ್! ಟಂಯ್!

(ಅತ್ತೆಯ ತವರು ಸಿರುಗುಪ್ಪದ ಆಚೆ, ಹೊಳೆದಂಡೆಯ ರಾರಾವಿ. ಕವಿಗೆ ಊರಿನ ವಿವರ ತಪ್ಪಬಾರದು.)

ಹಾಡುತ್ತ ಅತ್ತೆಯ ಕಡೆ ನೋಡಿದ. ಅವಳು ಕಂಬಕ್ಕೆ ತಲೆಯಾನಿಸಿ, ಕಣ್ಣು ಮುಚ್ಚಿ, ಎಂದಿನಂತೆ ಕಿರುನಗೆ ನಗುತ್ತಿದ್ದಳು. ಖಾಜಾಮಿಯಾನೂ ನಕ್ಕ. ದಿನಾ ಇದೇ ಪದದಿಂದ ಶುರುಮಾಡಿ, ದಿನಕ್ಕೊಂದು ಹೊಸ ಪದ್ಯ ಕಟ್ಟಿದ. ಬೈಗುಳ ಹರಿದಷ್ಟೂ ಹತ್ತಿ ಚೆನ್ನಾಗಿ ಹಿಂಜಿ ಬರುತ್ತಿತ್ತು. ಆ ತಿಂಗಳಿನ ದಿಂಬುಗಳಷ್ಟು ಮೆತ್ತನೆಯ ದಿಂಬು ಅವನು ಜನ್ಮದಲ್ಲೇ ಮಾಡಿರಲಿಲ್ಲ.

ಆದರೆ ಕಾವ್ಯದಿಂದ ಗಿರಾಕಿ ವಾಪಸು ಬರುವುದಿಲ್ಲ. ಇನ್ನೂ ಒಂದು ಮದುವೆಯ ಹಾಸಿಗೆ ಕೈತಪ್ಪಿದ ಮೇಲೆ, ಅತ್ತೆಗೆ ಕಿವಿ ಬರಿಸದೆ ಬೇರೆ ಗತಿಯಿಲ್ಲವೆಂದು ಅವನು ಕಂಪೌಂಡರ್ ಚಿದಾನಂದಪ್ಪನನ್ನು ಮನೆಗೆ ಕರೆತಂದ.

ಚಿದಾನಂದಪ್ಪ ದವಾಖಾನೆಯಲ್ಲಿ ಔಷಧಿ ಕಲಸುವವನು. ದೊರೆ ಡಾಕ್ಟರು ಕೆಮ್ಮಿದರೂ ಅದನ್ನು ವೈದ್ಯಶಾಸ್ತ್ರವೆಂದು ನೆನಪಿಟ್ಟುಕೊಳ್ಳುವ ಶ್ರದ್ಧಾವಂತ. ಒಳಗೆ ಬಂದವನೇ ಹಮೀದಾಬಿಯ ಒಲೆಯ ಚಿಮಟ ಕೇಳಿದ.

“ಚಿಮಟ ಯಾಕ್ರೀ? ಬರೆ ಹಾಕತೀರೇನು ನಮ್ಮಮ್ಮಗ?” ಹಮೀದಾಬಿ ಅಡ್ಡ ನಿಂತಳು.

“ತಾಯೀ, ಶಾಸ್ತ್ರಕ್ಕ ಬೇಕು” ಎಂದು ಚಿದಾನಂದಪ್ಪ ಚಿಮಟದ ಎರಡು ಕಾಲನ್ನು ಬೀಸುವ ಕಲ್ಲಿಗೆ ಬಡಿದು, ಜುಂಯ್‌ಗುಡುತ್ತಿದ್ದ ಅದನ್ನು ಹುಸೇನ್ ಬೀಯ ಕಿವಿಯ ಮುಂದೆ ಹಿಡಿದ. ಅವಳು ಅಡಿಕೆ ಅಗಿಯುತ್ತಿದ್ದಳು. ಮತ್ತೆ ಬಡಿದು ಈ ಸಲ ಚಿಮಟದ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದ. ಹುಸೇನ್ ಬೀ ಅಗಿಯುವುದನ್ನು ನಿಲ್ಲಿಸಿ, “ಯಾರು ಗಂಟಿ ಬಾರಿಸಿದೋರು?” ಎಂದಳು.

ಮೂವರೂ ಬೆಚ್ಚಿಬಿದ್ದರು. ಚಿದಾನಂದಪ್ಪ ಸೊಂಟದ ಮೇಲೆ ಕೈಯಿಟ್ಟು ಉಪನ್ಯಾಸಕ್ಕೆ ನಿಂತ.

“ಕೇಳ್ರಿ ಸಾಬರ. ಸದ್ದು ಅಂದ್ರ ಬ್ಯಾರೆ ಏನಲ್ಲ, ನಡುಕ. ನಿಮ್ಮ ತಂತಿ ನಡುಗತೈತಿ, ಅದು ಮಗ್ಗಲಿನ ಗಾಳಿನ ನೂಕತೈತಿ, ಆ ಗಾಳಿ ಅದರ ಮಗ್ಗಲಿನ ಗಾಳಿನ ನೂಕತೈತಿ. ಸುಂಕದ ಕಟ್ಟಿ ಮುಂದ ಗಾಡಿ ಸಾಲಾಗಿ ನಿಂತಾಗ ಹಿಂದಿನ ಎತ್ತು ಒಂದ ಸಲ ಗುಮ್ಮಿದ್ರ ಏನಾಗತೈತಿ?”

“ಮುಂದಿನ ಗಾಡಿಯವ ಬೈತಾನ.”

“ಹಾಂ! ಹಿಂದಿನ ಗಾಡಿ ಅಲ್ಲೇ ಐತಿ. ನೂಕು ಮಾತ್ರ ಮುಂದ ಹೋಗಿ ಮುಟ್ಟತು. ಸದ್ದೂ ಹಂಗs. ಕಿವಿಯೊಳಗ ಒಂದು ಸಣ್ಣ ಚರ್ಮದ ತಮಟಿ ಐತಿ. ನೂಕು ಬಂದು ಅದಕ್ಕ ಬಡಿದ್ರ ಅದು ನಡುಗತೈತಿ. ಅದರ ಹಿಂದ ಅಕ್ಕಿಕಾಳಿನಂಥ ಮೂರು ಎಲುಬು. ಅವುಗಳ ಹಿಂದ ಬಸವನಹುಳದ ಚಿಪ್ಪಿನಂಗ ಸುರುಳಿ. ಅಲ್ಲಿಂದ ಸುದ್ದಿ ನೇರಾ ಮಿದುಳಿಗೆ. ನಿಮ್ಮ ಅತ್ತೆಮ್ಮನ ತಮಟಿ, ಎಲುಬು ಕೈಕೊಟ್ಟಾವ. ಚಿಪ್ಪು ಗಟ್ಟಿ ಐತಿ. ಹೆದ್ದಾರಿ ಕುಸಿದೈತಿ, ಊರು ಹಂಗs ಐತಿ!”

“ಹಂಗಾರ ಊರಿಗೆ ಹೋಗೂದು ಹೆಂಗ?”

“ಅಡ್ಡದಾರೀಲೆ. ತಲಿ ಎಲುಬನ್ನs ನಡುಗಿಸಿದ್ರಾತು. ನಡುಕ ತಮಟಿ ದಾಟಿಕೊಂಡು ಚಿಪ್ಪಿಗೆ ಹೋಗಿ ಮುಟ್ಟತೈತಿ.”

ಖಾಜಾಮಿಯಾನ ತಲೆಯಲ್ಲಿ ತಾತನ ಹಲ್ಲು ಮಿಂಚಿತು. ಬಿಲ್ಲು ಕಚ್ಚಿದರೆ ಮುಚ್ಚಿದ ಕಿವಿಗೂ ಕೇಳಿಸುವ ಗುಟ್ಟು ಇದೇ! ಎಡಿಸನ್ನನ ಹಾಗೆ ಅವನು ಎದ್ದು ನಿಂತ. (ಎಡಿಸನ್ ಯಾರೆಂದು ಅವನಿಗೆ ಗೊತ್ತಿರಲಿಲ್ಲ, ನಿಲುವು ಮಾತ್ರ ಅದೇ.) ಕಂಪೌಂಡರಿಗೆ ಒಂದು ಮೆತ್ತನೆಯ ದಿಂಬು ಕೊಟ್ಟು ಕಳಿಸಿ, ಅಟ್ಟದಿಂದ ಹಳೆಯ ಬಿಲ್ಲಿನ ಸಪೂರ ದಂಡವೊಂದನ್ನು ಇಳಿಸಿದ. ಒಂದು ಮಣ್ಣಿನ ಕುಡಿಕೆಯ ತಳ ಒಡೆದು, ಅಲ್ಲಿಗೆ ತೆಳುವಾದ ಆಡಿನ ಚರ್ಮ ಬಿಗಿದ. ಚರ್ಮದ ನಡುವಿಗೆ ದಂಡದ ಒಂದು ತುದಿಯನ್ನು ಅರಗಿನಿಂದ ಅಂಟಿಸಿದ. ಇನ್ನೊಂದು ತುದಿ ಅತ್ತೆಯ ಹಲ್ಲಿಗೆ. ಅವಳ ಬಾಯಲ್ಲಿ ಉಳಿದಿದ್ದವು ನಾಲ್ಕೇ ಹಲ್ಲು, ಆದರೆ ಒಂದಕ್ಕೊಂದು ಎದುರಾಗಿ, ಇದಕ್ಕೆಂದೇ ಉಳಿಸಿಕೊಂಡ ಹಾಗಿದ್ದವು. ಕುಡಿಕೆಯೊಳಗೆ ಮಾತಾಡಿದರೆ ಚರ್ಮ ನಡುಗಿ, ದಂಡ ನಡುಗಿ, ಹಲ್ಲು ನಡುಗಿ, ಬುರುಡೆ ನಡುಗಿ, ಮಾತು ಊರು ಸೇರಬೇಕು. ಚಿದಾನಂದಪ್ಪ ಆಮೇಲೆ ಈ ಆಯುಧಕ್ಕೆ ‘ಕರ್ಣೋದ್ಧಾರಕ ಮಹಾಯಂತ್ರ’ ಎಂದು ನಾಮಕರಣ ಮಾಡಿದ.

ಹಮೀದಾಬಿ ಬಾವಿಗೆ ಹೋದ ಹೊತ್ತು ನೋಡಿ ಪರೀಕ್ಷೆ ನಡೆಯಿತು. ಖಾಜಾಮಿಯಾ ಕುಡಿಕೆಗೆ ಬಾಯಿಟ್ಟು, ತೊಟ್ಟಿಲ ಕೂಸಿಗೆ ಹೇಳುವಷ್ಟು ಮೆಲ್ಲಗೆ, “ಅತ್ತೆಮ್ಮಾ, ಬೆಲ್ಲ ಬೇಕೇನ್ರಿ?” ಎಂದ.

ಹುಸೇನ್ ಬೀ ಕೈ ಚಾಚಿದಳು.

ಖಾಜಾಮಿಯಾನಿಗೆ ಕುಣಿಯುವಂತಾಯಿತು. ಆ ಕ್ಷಣವೇ ಸಿರುಗುಪ್ಪದ ಕಡೆ ಹೊರಟ ಗಾಡಿಯವನ ಹತ್ತಿರ “ಅಮ್ಮಗ ಕಿವಿ ಬಂತು, ಶುಕ್ರವಾರ ಗಾಡಿ ಕಟ್ಟಿಕೊಂಡು ಬಾ” ಎಂದು ಅಮೀರಸಾಬನಿಗೆ ಹೇಳಿ ಕಳಿಸಿದ. ಆಮೇಲೆ ಕಿವಿಗೆ ಅರಳೆ ತುರುಕಿ, ದಂಡಕ್ಕೆ ಗದ್ದವೊತ್ತಿ, ವಿಜಯಗೀತೆ ಬಾರಿಸಿದ:

ಶುಕ್ರವಾರ ಗಾಡಿ ಬಾಗಿಲಿಗೆ ನಿಂತು — ಟಂಯ್!
ಮುದುಕಿ ಗಂಟು ಗಾಡಿಗೆ ಬಿತ್ತು — ಟಂಯ್!
ಖಾಜಾಮಿಯಾಗ ಜನ್ನತ್ತೇ ಸಿಕ್ತು — ಟಂಯ್!

ಕಂಬದ ಬುಡದಲ್ಲಿ ಹುಸೇನ್ ಬೀ ಬೆಲ್ಲ ಚೀಪುತ್ತ ಕಣ್ಣು ಮುಚ್ಚಿದ್ದಳು. ಕಿರುನಗೆ ಮಾತ್ರ ಅವತ್ತು ಇರಲಿಲ್ಲ. ಕವಿಗೆ ಅದು ಕಾಣಲಿಲ್ಲ.

ಶುಕ್ರವಾರ ನಮಾಜು ಮುಗಿಯುವ ಹೊತ್ತಿಗೆ ಅಮೀರಸಾಬ್ ಬಂದ. ಪಡಸಾಲೆಯಲ್ಲಿ ಜಂಬಮ್ಮ ಮುಂದಿನ ಸಾಲು ಹಿಡಿದಿದ್ದಳು. ಬಾಗಿಲಲ್ಲಿ ಓಣಿಯ ಅರ್ಧ ಜನ. ಚಿದಾನಂದಪ್ಪ ಕೋಟು ಹಾಕಿಕೊಂಡು ಬಂದಿದ್ದ. ಹಮೀದಾಬಿ, ತಾಯಿ ಹೋಗುವಳಲ್ಲ ಎಂದು ಒಂದು ಕಣ್ಣಿನಲ್ಲಿ ಅಳುತ್ತ, ತಾಯಿಗೆ ಕಿವಿ ಬಂತಲ್ಲ ಎಂದು ಇನ್ನೊಂದರಲ್ಲಿ ನಗುತ್ತ ನಿಂತಿದ್ದಳು.

“ನನ್ನ ಗಂಡ ಸಾಮಾನ್ಯ ಅಲ್ಲ ಜಂಬಮ್ಮಾ” ಎಂದಳು. ಮದುವೆಯಾದ ಮೇಲೆ ಅವಳು ಹಾಗೆ ಅಂದದ್ದು ಅದೇ ಮೊದಲು. ಖಾಜಾಮಿಯಾನ ಎದೆ ಹಿಂಜಿದ ಹತ್ತಿಯಾಯಿತು.

ಅವನು ದಂಡದ ತುದಿಯನ್ನು ಅತ್ತೆಯ ಹಲ್ಲಿಗೆ ಕೊಟ್ಟು, ಕುಡಿಕೆಗೆ ಬಾಯಿಟ್ಟು, ಕೈ ಬೀಸಿ ಜನರನ್ನು ಸುಮ್ಮನಾಗಿಸಿ, “ಅತ್ತೆಮ್ಮಾ, ಬೆಲ್ಲ ಬೇಕೇನ್ರಿ?” ಎಂದ.

ಹುಸೇನ್ ಬೀ ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿದ್ದಳು.

“ಅತ್ತೆಮ್ಮಾ! ಬೆಲ್ಲಾ!”

ಹಲ್ಲಿ ಓಡಿಹೋಯಿತು. ಹುಸೇನ್ ಬೀ ಕದಲಲಿಲ್ಲ.

“ಬೆಲ್ಲದ ಮ್ಯಾಲ ಮನಸಿಲ್ಲೇನೋ” ಎಂದಳು ಜಂಬಮ್ಮ. “ಖರ್ಜೂರ ಅನ್ರಿ.”

ಖರ್ಜೂರ ಅಂದ. ಮಾಲದಿ ಅಂದ. ಬಿರಿಯಾನಿ ಅಂದ. ‘ನಿಮ್ಮ ತಲಿ ಮ್ಯಾಲ ಚೇಳು’ ಅಂದ. ಜಂಬಮ್ಮ ಎದ್ದು ಸೀರೆ ಕೊಡವಿಕೊಂಡಳು. ಹುಸೇನ್ ಬೀಯ ತಲೆ ಕಲ್ಲು. ಖಾಜಾಮಿಯಾನ ಹಣೆಯ ಮೇಲೆ ಬೆವರು ಬಂತು, ಅದಕ್ಕೆ ಹತ್ತಿಯ ಎಳೆ ಅಂಟಿಕೊಂಡವು.

ಅಮೀರಸಾಬ್ ಮೆಲ್ಲಗೆ ಬಾಗಿಲ ಕಡೆ ಸರಿಯತೊಡಗಿದ. “ಆತು ಬಿಡ್ರಿ ಭಾವಾ, ಅಲ್ಲಾನ ಇಚ್ಛೆ. ಅಮ್ಮ ಇಲ್ಲೇ ಇರಲಿ. ನಾನು ಬರತೀನಿ.”

“ನಿಲ್ಲಲೇ ಅಮೀರಾ!” ಖಾಜಾಮಿಯಾ ಚೀರಿದ. “ಕೇಳಸ್ತೈತಿ! ಬೇಕಂತ ಸುಮ್ಮನ ಕುಂತಾಳ!”

“ನಮ್ಮಮ್ಮ ಸುಳ್ಳು ಮಾಡತಾಳ ಅಂತೀರೇನು?” ಹಮೀದಾಬಿಯ ಎರಡೂ ಕಣ್ಣು ಒಂದೇ ಕೆಲಸಕ್ಕೆ ಇಳಿದವು. “ಮೊದಲು ನೀವು ನೆಟ್ಟಗ ಮಾತಾಡ್ರಿ!”

ಆಗ ಖಾಜಾಮಿಯಾನಿಗೆ ಹೊಳೆದದ್ದು ಅವನ ಜೀವಮಾನದ ಎರಡನೆಯ ದೊಡ್ಡ ಯೋಚನೆ. (ಮೊದಲನೆಯದು ಕುಡಿಕೆ. ಎರಡರಲ್ಲಿ ಯಾವುದು ಹೆಚ್ಚು ಹಾನಿ ಮಾಡಿತೆಂದು ಇಂದಿಗೂ ಹೇಳಲಾಗದು.) ಬೆಲ್ಲಕ್ಕೆ ಅಲುಗದವಳು ಬೈಗುಳಕ್ಕೆ ಅಲುಗದೆ ಇರುತ್ತಾಳೆಯೇ? ಸಿಟ್ಟು ತಡೆದುಕೊಳ್ಳಲು ಯಾವ ಮುದುಕಿಯಿಂದ ಸಾಧ್ಯ? ಗಾಡಿ ಬಾಗಿಲಲ್ಲೇ ನಿಂತಿದೆ. ಅಮೀರಸಾಬನ ಒಂದು ಕಾಲು ಆಗಲೇ ಹೊಸ್ತಿಲು ದಾಟಿದೆ. ಯೋಚಿಸಲು ಹೊತ್ತಿಲ್ಲ. ಖಾಜಾಮಿಯಾ ಕುಡಿಕೆಗೆ ಬಾಯಿಟ್ಟ:

“ರಾರಾವಿ ಮಡುವಿನ ಮೊಸಳಿ ಬಂತು!”

ಚಿದಾನಂದಪ್ಪ ಕೋಟಿನ ಗುಂಡಿ ಹಿಡಿದುಕೊಂಡ. ಹುಸೇನ್ ಬೀ ಕದಲಲಿಲ್ಲ.

“ನಮ್ಮನಿ ಕಂಬಕ್ಕ ಬೆನ್ನಿಟ್ಟು ಕುಂತು!”

“ರೀ...” ಎಂದಳು ಹಮೀದಾಬಿ. ಅಂಥ ಮೆಲುದನಿ ಅವಳ ಗಂಟಲಿನಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

“ಗಡಿಗಿ ಬೆಲ್ಲ ಒಂದs ದಿನಕ್ಕ ತಿಂತು!”

ಇಲ್ಲಿಗೆ ಬಂದಾಗ ಖಾಜಾಮಿಯಾನ ದೃಷ್ಟಿ ಹೆಂಡತಿಯ ಮೇಲೆ ಬಿತ್ತು. ನಾಲ್ಕನೆಯ ಸಾಲು ಯಾರ ಮೇಲಿನದು ಎಂಬುದು ನೆನಪಾಯಿತು. “ಇಷ್ಟೇ... ಮುಗೀತು” ಎಂದು ಕುಡಿಕೆಯಿಂದ ಬಾಯಿ ತೆಗೆದ.

ಹುಸೇನ್ ಬೀಯ ಮುಖದಲ್ಲಿ ಮೊಟ್ಟಮೊದಲ ಸಲ ಏನೋ ಅಲುಗಿತು. ಅವಳು ತಡೆದುಕೊಂಡಳು. ತುಟಿ ಬಿಗಿಹಿಡಿದಳು. ಒಂದು ತಿಂಗಳಿಂದ ದಿನಾ ಕೇಳಿ ಕೇಳಿ ಮೈಗೂಡಿದ ಪದ. ಮೂರು ಸಾಲಿಗೆ ನಿಂತರೆ ಮೂಗಿನ ತುದಿಯಲ್ಲೇ ಸಿಕ್ಕಿಕೊಂಡ ಸೀನಿನ ಹಾಗೆ. ಕೊನೆಗೆ ದಂಡವನ್ನು ಬಾಯಿಂದ ತೆಗೆದು ನೆಲಕ್ಕೆ ಕುಟ್ಟಿದಳು.

“ಕೊನೇದು ಬಿಟ್ಟಿಯಲ್ಲೋ ಅಳಿಯಾ! ಮಗಳ ಮಾತೆಲ್ಲಿ ಹೋತು? ಅದೇ ಛಲೋ ಇತ್ತು!” ಎಂದು, ದಂಡದಿಂದಲೇ ತಾಳ ಹಾಕುತ್ತ, ಓಣಿಗೆಲ್ಲ ಕೇಳುವಂತೆ ಮುಗಿಸಿದಳು: “ಇದರ ಮರಿ ನನ್ನ ಕುತ್ತಿಗಿಗೆ ಜೋತ್ಕೊಂತು — ಟಂಯ್! ಟಂಯ್!”

“ಕೇಳಿಸ್ತು! ಕೇಳಿಸ್ತು ನೋಡ್ರಿ!” ಖಾಜಾಮಿಯಾ ಕುಣಿದ. ಎರಡು ಹೆಜ್ಜೆ ಕುಣಿದ ಮೇಲೆ, ತಾನೊಬ್ಬನೇ ಕುಣಿಯುತ್ತಿದ್ದೇನೆ ಎಂಬುದು ಅವನಿಗೆ ತಿಳಿಯಿತು.

“ಮರಿ” ಎಂದಳು ಹಮೀದಾಬಿ. ಆ ಪದವನ್ನು ಅವಳು ಹುರಿಗಡಲೆಯಂತೆ ಅಗಿದು ನೋಡುತ್ತಿದ್ದಳು. “ಮೊಸಳಿ ಮರಿ. ಜೋತ್ಕೊಂತು. ನಾನು.”

“ಶಾಸ್ತ್ರಕ್ಕ ಅಂದೆ ಹಮೀದಾ, ಪರೀಕ್ಷಾಕ್ಕ...”

“ಇವತ್ತಿಂದಲ್ಲ ಅದು” ಎಂದಳು ಹುಸೇನ್ ಬೀ, ಯಾರೂ ಕೇಳದಿದ್ದರೂ. ತನ್ನನ್ನು ಏನು ಕೇಳಿರಬಹುದೋ ಅದಕ್ಕೆ ಉತ್ತರ ಕೊಡುವುದು ಅವಳ ಹತ್ತು ವರ್ಷದ ಅಭ್ಯಾಸ. “ದಿನಾ ಅಂತಾನ. ಈ ಕಂಬಕ್ಕ ತಲಿ ಇಟ್ರ ಎಲ್ಲಾ ಕೇಳಸ್ತೈತಿ. ನಿನ್ನ ಅಡಿಗಿ ಮ್ಯಾಲೂ ಒಂದು ಕಟ್ಯಾನ, ಹೇಳಲೇನು?”

ಚಿದಾನಂದಪ್ಪ ಒಮ್ಮೆ ಬಿಲ್ಲನ್ನು, ಒಮ್ಮೆ ಮಾಳಿಗೆಯನ್ನು ನೋಡಿ, ಹಣೆ ಬಡಿದುಕೊಂಡ. “ಆಹಾಹಾ! ಸಾಬರ ಗದ್ದದಿಂದ ಬಿಲ್ಲು, ಬಿಲ್ಲಿನಿಂದ ಹಗ್ಗ, ಹಗ್ಗದಿಂದ ತೊಲಿ, ತೊಲಿಯಿಂದ ಕಂಬ, ಕಂಬದಿಂದ ತಲಿಬುರುಡಿ! ಬಿಗಿ ಹಗ್ಗ, ಒಣಗಿದ ತೇಗ, ನಡುವ ಎಲ್ಲೂ ತುಂಡಾಗಿಲ್ಲ. ನಿಮ್ಮ ಯಂತ್ರ ಬ್ಯಾಡs ಆಗಿತ್ತು ಸಾಬರ, ಇಡೀ ಮನೀನs ಯಂತ್ರ! ಇದನ್ನ ದೊರಿಗೆ ಹೇಳಬೇಕು!” ಅವನ ಸಂತೋಷದಲ್ಲಿ ಬೇರೆ ಯಾರೂ ಪಾಲುಗೊಳ್ಳಲಿಲ್ಲ.

ಅಮೀರಸಾಬ್ ಹೊಸ್ತಿಲಿನ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಖುದಾನ ಆಣೆ ಇಟ್ಟವನು ಅವನು. ನಾಚಿಕೊಂಡು ಬಂದು, ಭಾವನ ಕೈಯಿಂದ ಕುಡಿಕೆ ತೆಗೆದುಕೊಂಡ. ಹುಸೇನ್ ಬೀ ದಂಡ ಕಚ್ಚಿದಳು. ಹತ್ತು ವರ್ಷದಲ್ಲಿ ಮೊದಲ ಸಲ ಅವನು ತಾಯಿಗೆ ಕೂಗದೆ ಹೇಳಿದ: “ಅಮ್ಮಾ, ಗಾಡಿ ತಂದೀನಿ. ನಡಿ, ನಮ್ಮ ಮನಿಗೆ ಹೋಗೋಣು.”

ಹುಸೇನ್ ಬೀ ಮಗನ ದನಿಯನ್ನು ಹಲ್ಲಿನಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡಳು. ಕಣ್ಣು ತೇವವಾಯಿತು. ಆಮೇಲೆ ದಂಡ ತೆಗೆದಳು.

“ನಿನ್ನ ದನಿ ಛಲೋ ಐತಿ ಅಮೀರಾ. ಆದ್ರ ನಿನ್ನ ಮನಿಯಾಗ ಕಂಬ ಇಲ್ಲ, ಬರೇ ಮಣ್ಣಿನ ಗೋಡಿ. ನೀವೆಲ್ಲಾ ನನಗ ‘ಉಣ್ಣು’, ‘ಮಲಗು’, ‘ಸರಿ’ ಅಂತ ಕೂಗತೀರಿ. ಇದು ಬಿಟ್ಟು ಇನ್ನೊಂದು ಮಾತು ಹತ್ತು ವರ್ಷದಾಗ ಆಡಿಲ್ಲ. ಇಲ್ಲಿ ನೋಡು, ನನ್ನ ಅಳಿಯ ನನ್ನ ಮ್ಯಾಲ ದಿನಕ್ಕೊಂದು ಪದ ಕಟ್ಟತಾನ, ತಾಳ ಹಾಕಿ ಹಾಡತಾನ. ನನ್ನ ಗಂಡ ಇದ್ದಾಗಲೂ ನನಗ ಇಷ್ಟು ಗಮನ ಯಾರು ಕೊಟ್ಟಿದ್ರು? ನಾನು ಬರಂಗಿಲ್ಲ. ನೀನs ಆಗಾಗ ಬಾ, ಬಂದಾಗ ಹಿಂಗs ಮಾತಾಡು.”

“ಅತ್ತೆಮ್ಮಾ, ನಿಮಗ ಸಿಟ್ಟಿಲ್ಲೇನ್ರಿ?” ಖಾಜಾಮಿಯಾ ಕೈಮುಗಿದು ಕೇಳಿದ. ಕುಡಿಕೆ ಅವನ ಕೈಯಲ್ಲಿರಲಿಲ್ಲವಾದ್ದರಿಂದ ಅವಳಿಗೆ ಕೇಳಲಿಲ್ಲ. ಹಮೀದಾಬಿಗೆ ಕೇಳಿಸಿತು.

“ಆಕಿಗಿಲ್ಲ” ಎಂದಳು ಹಮೀದಾಬಿ. “ನನಗೈತಿ.”

ಗಾಡಿ ಖಾಲಿ ಹೋಯಿತು. ನಿಜ ಹೇಳಬೇಕೆಂದರೆ ಪೂರ್ತಿ ಖಾಲಿಯಲ್ಲ. ಖಾಜಾಮಿಯಾನ ಹಳೇ ಹತ್ತಿಯ ಗುಡ್ಡೆಯನ್ನೆಲ್ಲ ಹಮೀದಾಬಿ ತಾನೇ ಅದರಲ್ಲಿ ತುಂಬಿ, ಎತ್ತಿಗೆ ಮೆತ್ತೆ ಮಾಡಿಸಿಕೋ ಎಂದು ತಮ್ಮನಿಗೆ ಕೊಟ್ಟು ಕಳಿಸಿದಳು.

ಅಂದಿನಿಂದ ಆ ಮನೆಯಲ್ಲಿ ಕೂಗಾಟ ನಿಂತಿತು. ಓಣಿಗೆ ಬೇಸರವಾಗುವಷ್ಟು ನಿಂತಿತು. ಜಂಬಮ್ಮ ಎರಡು ಸಲ ಬಂದು ಎಲ್ಲರೂ ಆರೋಗ್ಯವೇ ಎಂದು ವಿಚಾರಿಸಿ ಹೋದಳು. ಹಮೀದಾಬಿ ಕಂಬದ ಬುಡದಲ್ಲಿ ತಾಯಿಯ ಮಗ್ಗುಲಿಗೆ ಕೂತು, ಕಂಬಕ್ಕೇ ತುಟಿ ತಾಗಿಸಿ, ಗಂಟೆಗಟ್ಟಲೆ ಪಿಸುಗುಡುತ್ತಿದ್ದಳು. ತಾಯಿ ತಲೆಯಾನಿಸಿ ಕೇಳುತ್ತಿದ್ದಳು. ನಡುನಡುವೆ ಇಬ್ಬರೂ ಖಾಜಾಮಿಯಾನ ಕಡೆ ತಿರುಗಿ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

“ಏನs ಅದು?” ಎಂದು ಕೇಳಿದರೆ ಹಮೀದಾಬಿ, “ಏನೂ ಇಲ್ರಿ” ಎನ್ನುತ್ತಿದ್ದಳು.

ಖಾಜಾಮಿಯಾ ಕಿವಿಯ ಅರಳೆ ತೆಗೆದು ನೋಡಿದ. ಹತ್ತಿ ಹುಡುಕುವ ನೆವದಲ್ಲಿ ಹತ್ತಿರ ಹೋಗಿ ನೋಡಿದ. ಉಹೂಂ. ಊರಿಗೆಲ್ಲ ಕೇಳಿಸುತ್ತಿದ್ದ ಮಾತು ಈಗ ಅವನೊಬ್ಬನಿಗೆ ಕೇಳಿಸದು. ಎರಡು ಒಳ್ಳೆಯ ಕಿವಿ ಇಟ್ಟುಕೊಂಡು, ಆ ಮನೆಯಲ್ಲಿ ಉಳಿದ ಒಬ್ಬನೇ ಕಿವುಡ ಅವನಾದ. ಗೊಣಗುವುದಕ್ಕೂ ಭಯ. ತುಟಿ ಬಿಗಿದು ಬಡಿದು ಬಡಿದು ಹತ್ತಿ ಗಂಟುಗಂಟಾಗಿ ಬರುತ್ತಿತ್ತು. ಸುಮ್ಮನಿದ್ದುಬಿಡೋಣವೆಂದರೆ ಅತ್ತೆ ಬಿಡುತ್ತಿರಲಿಲ್ಲ. “ಯಾಕೋ ಅಳಿಯಾ, ಇವತ್ತು ಪದ ಇಲ್ಲೇನು? ಮೈಗೆ ಆರಾಮ ಇಲ್ಲೇನು?” ಎಂದು ಕಕ್ಕುಲಾತಿಯಿಂದ ಕೇಳುತ್ತಿದ್ದಳು.

ಹೀಗೇ ಒಂದು ದಿನ ತಂತಿ ಸಡಿಲಾಗಿತ್ತು. ಖಾಜಾಮಿಯಾ ತಾತನ ರೂಢಿಯಂತೆ ಕಿವಿಗೆ ಅರಳೆ ತುರುಕಿಕೊಂಡು, ತಂತಿ ಬಿಗಿದು, ನಾದ ನೋಡಲು ಬಿಲ್ಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿದ. ಮಿಡಿಯಲು ಬೆರಳೆತ್ತಿದವನು ಹಾಗೇ ನಿಂತ.

ತಂತಿ ಮಿಡಿಯುವ ಮೊದಲೇ ಬಿಲ್ಲು ಮಾತಾಡುತ್ತಿತ್ತು.

ಗದ್ದದಿಂದ ಕಂಬಕ್ಕೆ ಹೋದ ದಾರಿಯಲ್ಲೇ ಕಂಬದಿಂದ ಹಲ್ಲಿಗೂ ಬರಬಹುದೆಂದು ಚಿದಾನಂದಪ್ಪನೂ ಹೇಳಿರಲಿಲ್ಲ. ಕಂಬ, ತೊಲೆ, ಹಗ್ಗ, ಬಿಲ್ಲು ಎಲ್ಲವನ್ನೂ ದಾಟಿಕೊಂಡು ಅವನ ಬುರುಡೆಯ ನಟ್ಟನಡುವೆ ಹಮೀದಾಬಿಯ ದನಿ, ಮದುವೆಯ ಹೊಸತರಲ್ಲಿ ಕೇಳಿದಷ್ಟು ಮೆತ್ತಗೆ, ತಾಯಿಗೆ ಹೇಳಿಕೊಡುತ್ತಿತ್ತು:

ಕೌಲ್ ಬಜಾರಿನ ಬಿಳೀ ಕರಡಿ ನಿಂತು...
ಕಿವಿಯಾಗ ಅರಳಿ ತುರುಕ್ಕೊಂತು...
ಬಾಯಾಗ ಬಿಲ್ಲು ಕಚ್ಚಿಕೊಂತು...

ಖಾಜಾಮಿಯಾ ಮೆಲ್ಲಗೆ ಕಣ್ಣು ಹೊರಳಿಸಿದ. ಕಂಬದ ಬುಡದಲ್ಲಿ ತಾಯಿಮಗಳು ಇಬ್ಬರೂ ಅವನನ್ನೇ ನೋಡುತ್ತಿದ್ದರು. ಹಮೀದಾಬಿ ಕಂಬಕ್ಕೆ ತುಟಿಯಿಟ್ಟೇ ಹುಬ್ಬು ಹಾರಿಸಿದಳು. ಹುಸೇನ್ ಬೀ, ತಾಳ ಎಲ್ಲಿ ಎಂಬಂತೆ ಬೆರಳಿನಿಂದ ಕೊಡತಿಯನ್ನು ತೋರಿಸಿದಳು.

ಪದ್ಯ ತನ್ನದಕ್ಕಿಂತ ಚೆನ್ನಾಗಿತ್ತು. ನಾಲ್ಕನೆಯ ಸಾಲು ಏನಿರಬಹುದೆಂಬ ಆಸೆಯೂ ಇತ್ತು. ಬಾಯಲ್ಲಿ ಬಿಲ್ಲು ಕಚ್ಚಿಕೊಂಡೇ ಖಾಜಾಮಿಯಾ ಕೊಡತಿಯನ್ನೆತ್ತಿ ತಂತಿಗೆ ಬಡಿದ.

ಟಂಯ್!